ಅಡ್ವಾನ್ಸಿನ ಮೇಲೆ ಎದ್ದ ನಾಲ್ಕು ಅಂತಸ್ತು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕಟ್ಟಿಸಿ ಹೂಡಿಕೆದಾರರಾಗಲು ಏನೇನು ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಒಂದು ಸೈಟು, ಒಬ್ಬ ಮೇಸ್ತ್ರಿ ಮತ್ತು ಎಂಟು ಮಂದಿ ಬಾಡಿಗೆದಾರರು. ಬಂಡವಾಳ ಎಲ್ಲಿಂದ ಎಂದು ಮರುಪ್ರಶ್ನೆ ಹಾಕುವವರು ಈ ಊರಿಗೆ ಹೊಸಬರೆಂದೇ ತಿಳಿಯಬೇಕು.

ವಿಧಾನ ಸರಳವಾಗಿದೆ. 30×40ರ ಸೈಟಿನಲ್ಲಿ ಮೊದಲು ನೆಲ ಅಂತಸ್ತಿಗೆ ಎರಡು ಮನೆ ಕಟ್ಟಿ, ಸುಣ್ಣ ಒಣಗುವ ಮುನ್ನವೇ ಗೇಟಿಗೆ ಟು-ಲೆಟ್ ಬೋರ್ಡು ತೂಗುಹಾಕಬೇಕು. ತಿಂಗಳಿಗೆ 20,000 ರೂಪಾಯಿ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್. ಎರಡು ಮನೆಗೆ ನಾಲ್ಕು ಲಕ್ಷ ಕೈಗೆ ಬಂದ ಕೂಡಲೇ ಮೇಲಿನ ಮೋಲ್ಡಿಗೆ ಕಬ್ಬಿಣ ಇಳಿಯುತ್ತದೆ. ಕೆಳಗಿನ ಮನೆಯ ಕೂಸು ಮಧ್ಯಾಹ್ನದ ನಿದ್ದೆಯಲ್ಲಿ ಬೆಚ್ಚಿ ಬಿದ್ದು ಅತ್ತರೆ ಬೇಸರಪಡುವಂತಿಲ್ಲ, ಏಕೆಂದರೆ ಮೇಲೆ ಸೆಂಟ್ರಿಂಗ್ ಹಲಗೆಗಳ ನಡುವೆ ಅಷ್ಟು ಸದ್ದು ಮಾಡುತ್ತಿರುವುದು ಅದರ ಅಪ್ಪನ ದುಡ್ಡೇ. ಹೀಗೆ ಒಂದರ ಅಡ್ವಾನ್ಸಿನಿಂದ ಇನ್ನೊಂದು ಏರುತ್ತ, ನಕ್ಷೆಯಲ್ಲಿ ಇಲ್ಲದ ಅಂತಸ್ತೂ ಒಂದು ಸೇರಿ, ಎಂಟು ಮನೆಗಳಾದಾಗ ಮಾಲೀಕರ ಕೈಯಲ್ಲಿ ಓಡಾಡಿರುವುದು ಬಾಡಿಗೆದಾರರ 16 ಲಕ್ಷ ರೂಪಾಯಿ. ಶೇಕಡಾ 6ರ ಬಡ್ಡಿ ಹಿಡಿದರೂ ವರ್ಷಕ್ಕೆ 96,000 ರೂಪಾಯಿ ಆಗುತ್ತಿತ್ತು. ಯಾರೂ ಕೇಳಿಲ್ಲ, ಯಾರೂ ಕೊಟ್ಟಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಈ ಹಣಕ್ಕೆ ಅಡ್ವಾನ್ಸ್ ಎಂದು ಹೆಸರಿಟ್ಟವರ ಭಾಷಾಪ್ರತಿಭೆಗೆ ನಮಸ್ಕರಿಸಬೇಕು. ಮುಂಗಡವೆಂದರೆ ಮುಂದಿನ ಬಾಡಿಗೆಗೆ ಜಮಾ ಆಗಬೇಕು, ಇದು ಆಗುವುದಿಲ್ಲ. ಠೇವಣಿಯೆಂದರೆ ಬಡ್ಡಿ ಹುಟ್ಟಬೇಕು, ಇದಕ್ಕೆ ಆ ಯೋಗವೂ ಇಲ್ಲ. ಸಾಲವೆಂದರಂತೂ ಮಾಲೀಕರ ಮರ್ಯಾದೆಗೆ ಕುಂದು.

ಕಾನೂನು ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆನ್ನುತ್ತದೆ. ಮಾದರಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದು ನಮ್ಮ ಸಂಪ್ರದಾಯ. ನಮ್ಮದೇ ರಾಜ್ಯದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಮೊತ್ತಕ್ಕೆ ಇಂದು ಬೈಕ್ ನಿಲ್ಲಿಸುವ ಜಾಗ ಸಿಕ್ಕೀತು. ಅಂಥ ಬೈಕಿನ ಹಕ್ಕುಗಳು ಭದ್ರವಾಗಿವೆಯೆಂದು ನಂಬೋಣ. ಇನ್ನು ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ವಿಧಿಸಿರುವುದರಿಂದ, ಬಾಡಿಗೆ ಕರಾರಿನ ಪಂಚಾಂಗದಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು. ಹನ್ನೊಂದು ತಿಂಗಳ ವಾಸಕ್ಕೆ ಹತ್ತು ತಿಂಗಳ ಭದ್ರತೆ! ಬಾಡಿಗೆದಾರ ಮೋಸ ಮಾಡಿ ಪರಾರಿಯಾಗುವುದಾದರೆ ಹಾಲುಕ್ಕಿಸುವ ಮೊದಲೇ ಆಗಬೇಕು, ಆಗಲೂ ನಷ್ಟ ಅವನಿಗೇ.

ಮಾಲೀಕರ ಅಸಲಿ ಕಲೆ ಕಾಣುವುದು ಪೇಂಟಿಂಗ್ ಚಾರ್ಜಿನಲ್ಲಿ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆಂದು ಕಡಿತವಾಗುತ್ತದೆ. ಹನ್ನೊಂದು ತಿಂಗಳಿದ್ದರೂ ಅಷ್ಟೇ, ಐದು ವರ್ಷವಿದ್ದರೂ ಅಷ್ಟೇ. ಅತ್ತ ಆದಾಯ ತೆರಿಗೆ ಕಾನೂನು, ಆಸ್ತಿ ತೆರಿಗೆ ಕಳೆದುಳಿದ ಬಾಡಿಗೆಯಲ್ಲಿ ಶೇಕಡಾ 30ರಷ್ಟನ್ನು ಒಂದು ಬಿಲ್ಲನ್ನೂ ಕೇಳದೆ ರಿಪೇರಿ ಮುಂತಾದವುಗಳ ಲೆಕ್ಕಕ್ಕೆ ಬಿಟ್ಟುಕೊಡುತ್ತದೆ. ಎಂಟು ಮನೆಗಳ ಮಾಲೀಕರಿಗೆ ಅದು ವರ್ಷಕ್ಕೆ ಐದೂವರೆ ಲಕ್ಷ ದಾಟುತ್ತದೆ. ಬಾಡಿಗೆಯನ್ನು ಸರ್ಕಾರಕ್ಕೆ ತೋರಿಸಿದರೆ ತಾನೇ ಈ ರಿಯಾಯಿತಿ, ಎಂದು ನೀವು ಕೇಳಬಹುದು. ನಿಜ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದಾಗ, ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯ, ಅಂದರೆ ಎಚ್‌ಆರ್‌ಎ ವಿನಾಯಿತಿಗೆಂದು ಮಾಲೀಕರ ಪ್ಯಾನ್ ಸಂಖ್ಯೆ ಕೇಳಿದ ಬಾಡಿಗೆದಾರನಿಗೆ "ಅದೆಲ್ಲ ನಮ್ಮಲ್ಲಿ ಇಲ್ಲ ಸಾರ್, ಬೇಕಾದರೆ ಬೇರೆ ಮನೆ ನೋಡಿಕೊಳ್ಳಿ" ಎಂಬ ಉತ್ತರ ಸಿಗುವುದು ಇದೇ ಕಾರಣಕ್ಕೆ.

ಬ್ಯಾಂಕಿನಲ್ಲಿ ಸಾಲ ಪಡೆಯುವವನು ಕೈಕಟ್ಟಿ ನಿಂತು ದಾಖಲೆ ತೋರಿಸುತ್ತಾನೆ. ಇಲ್ಲಿ ಕೊಡುವವನೇ ಕೈಕಟ್ಟಿ ನಿಲ್ಲಬೇಕು. ಆಧಾರ್, ಸಂಬಳದ ಚೀಟಿ, ಕಂಪನಿಯ ಗುರುತಿನ ಚೀಟಿ ಕೊಟ್ಟಾದ ಮೇಲೆ, ಊರು ಯಾವುದು, ಮದುವೆ ಆಗಿದೆಯೇ, ಮೊಟ್ಟೆ ತಿನ್ನುತ್ತೀರಾ, ಅತ್ತೆ-ಮಾವ ಎಷ್ಟು ದಿನ ಇರುತ್ತಾರೆ ಎಂಬ ಪರೀಕ್ಷೆಯೂ ಮುಗಿಯಬೇಕು. ಎರಡು ಲಕ್ಷ ತೆಗೆದುಕೊಳ್ಳಿ ಎಂದು ಬೇಡುತ್ತಿರುವವನು ಅಷ್ಟಕ್ಕೂ ಪಾಸಾದ ಮೇಲೆ ಮಾಲೀಕರು ದೊಡ್ಡ ಮನಸ್ಸು ಮಾಡಿ ಸ್ವೀಕರಿಸುತ್ತಾರೆ, ಗೋಡೆಗೆ ಮೊಳೆ ಹೊಡೆಯಬಾರದೆಂಬ ಷರತ್ತಿನೊಂದಿಗೆ.

ನಮ್ಮ ಪಕ್ಕದ ಬೀದಿಯ ಬಾಡಿಗೆದಾರರೊಬ್ಬರು ಮೊನ್ನೆ ಮನೆ ಖಾಲಿ ಮಾಡಿದರು. ಮಾಲೀಕರು ಗೋಡೆಗಳನ್ನು ತಡವಿ ಏಳು ಮೊಳೆ ತೂತುಗಳನ್ನು ಎಣಿಸಿ, ಬಣ್ಣದ ಜೊತೆಗೆ ಅದನ್ನೂ ಕಡಿತದ ಪಟ್ಟಿಗೆ ಸೇರಿಸಿದರು. ಉಳಿದ ಹಣ ಯಾವಾಗ ಸಿಗುತ್ತದೆ ಎಂದು ಕೇಳಿದ್ದಕ್ಕೆ "ಹೊಸಬರು ಬರಲಿ ಸಾರ್, ಅವರ ಅಡ್ವಾನ್ಸ್ ಬಂದ ಕೂಡಲೇ ನಿಮ್ಮದು ಕೊಟ್ಟುಬಿಡೋಣ" ಎಂದರಂತೆ. ಸಂಜೆಯ ಹೊತ್ತಿಗೆ ಗೇಟಿನ ಮೇಲೆ ಬೋರ್ಡು ಏರಿತ್ತು: ಬಾಡಿಗೆ 22,000, ಅಡ್ವಾನ್ಸ್ 2,20,000. ಅದನ್ನು ತೂಗುಹಾಕಲು ಹೊಸದೊಂದು ಮೊಳೆ ಹೊಡೆಯಲಾಗಿತ್ತು.