ಕವಳಕ್ಕೂ ಒಂದು ಕಾಲಂ ಬೇಕು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕ್ಯಾನ್ಸರ್ ಏಕೆ ಹೆಚ್ಚುತ್ತಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ಕಾರವಾರ, ಮಲ್ಲಾಪುರದ ಕಡೆಯವರು ಕೈಗಾ ಅಣುಸ್ಥಾವರ ಎನ್ನುತ್ತಾರೆ. ಘಟ್ಟದ ಮೇಲಿನವರು ತೋಟಕ್ಕೆ ಹೊಡೆಯುವ ಔಷಧಿಯನ್ನು ದೂರುತ್ತಾರೆ. ಪೇಟೆಯವರಿಗೆ ಪ್ಲಾಸ್ಟಿಕ್ಕು ಮತ್ತು ಹೊರಗಿನ ಊಟ. ಲೆಕ್ಕ ಕೇಳಿದ ಕೂಡಲೇ ಮಾತು ಬೇರೆ ಕಡೆ ಹೊರಳುತ್ತದೆ. ಹೆಚ್ಚುತ್ತಿದೆ ಎಂಬುದೇ ಮೊದಲು ಸಾಬೀತಾಗಲಿ ಎಂದರೆ ನಾನು ಕರುಣೆಯಿಲ್ಲದವನಾಗುತ್ತೇನೆ. ಸಂಖ್ಯಾಶಾಸ್ತ್ರ ಕಲಿಸಿ ಹೊಟ್ಟೆ ಹೊರೆದವನಿಗೆ ಇದು ಹೊಸ ಬಿರುದೇನೂ ಅಲ್ಲ.

ಈಗ ಇದನ್ನು ಬರೆಯಲು ಕಾರಣ, ಕೃತಕ ಬುದ್ಧಿಮತ್ತೆ ಕ್ಯಾನ್ಸರನ್ನು ಗೆದ್ದೇಬಿಟ್ಟಿತು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿರುವ ವಿಡಿಯೊಗಳು. ಕಂಪ್ಯೂಟರಿನ ಸಾಧನೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಸ್ವೀಡನ್‌ನಲ್ಲಿ 80 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ನಡೆದ ಸ್ತನ ಕ್ಯಾನ್ಸರ್ ತಪಾಸಣೆಯ ಪ್ರಯೋಗದ ಮೊದಲ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕಂಪ್ಯೂಟರಿನ ನೆರವು ಪಡೆದಾಗ ವೈದ್ಯರು ಎಕ್ಸ್‌ರೇ ಚಿತ್ರಗಳನ್ನು ಓದುವ ಹೊರೆ ಶೇ 44ರಷ್ಟು ಇಳಿಯಿತು, ಪತ್ತೆಯಾದ ಕ್ಯಾನ್ಸರ್‌ಗಳು ಕಡಿಮೆಯಾಗಲಿಲ್ಲ. ಆದರೆ ಅದು ಹೆಂಗಸರನ್ನು ದಶಕಗಳಿಂದ ನಿಯತವಾಗಿ ಕರೆಸಿ ತಪಾಸಣೆ ಮಾಡುತ್ತಿರುವ ದೇಶ. ನಮ್ಮಲ್ಲಿ ಯಂತ್ರಕ್ಕೆ ಓದಲು ಏನನ್ನು ಕೊಡುತ್ತೇವೆ?

ನಮ್ಮ ರೋಗಿಗಳು ಎಲ್ಲಿ ಹೋಗುತ್ತಾರೆ ಎಂಬುದನ್ನೇ ನೋಡಿ. ಕಾರವಾರದವರು ಗೋವಾಕ್ಕೆ, ಭಟ್ಕಳ-ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ, ಶಿರಸಿ-ಯಲ್ಲಾಪುರದವರು ಹುಬ್ಬಳ್ಳಿಗೆ, ಕೈಯಲ್ಲಿ ಸ್ವಲ್ಪ ಕಾಸಿದ್ದವರು ಬೆಂಗಳೂರಿಗೆ. ಒಂದೇ ಜಿಲ್ಲೆಯ ಕಾಯಿಲೆ ಎರಡು ರಾಜ್ಯಗಳ ಕಡತಗಳಲ್ಲಿ ಚೂರುಚೂರಾಗಿ ಬಿದ್ದಿರುತ್ತದೆ. ಹುಬ್ಬಳ್ಳಿಯಲ್ಲಿ ಪತ್ತೆಯಾಗಿ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದವನು ಎರಡು ಕಡೆ ಎರಡು ರೋಗಿಯಾಗುತ್ತಾನೆ. ಇವನ್ನು ಜೋಡಿಸುವುದೇ ದತ್ತಾಂಶ ವಿಜ್ಞಾನದ ನಿಜವಾದ ಕೂಲಿ ಕೆಲಸ, ಮತ್ತು ನನಗೆ ಅತ್ಯಂತ ಇಷ್ಟವಾದ ಭಾಗ. ಒಂದು ಕಡೆ ಹೆಗಡೆ, ಇನ್ನೊಂದು ಕಡೆ ಹೆಗ್ಡೆ. ಒಂದು ಕಡೆ ಅಪ್ಪನ ಹೆಸರು ಪೂರ್ತಿ, ಇನ್ನೊಂದು ಕಡೆ ಬರೀ ಇನಿಶಿಯಲ್ಲು. ವಯಸ್ಸು ಹೇಳಿದವರ ಅಂದಾಜಿನಂತೆ. ಕೆನಡಾದ ಫೆಲೆಗಿ ಮತ್ತು ಸಂಟರ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಇಂಥ ದಾಖಲೆಗಳನ್ನು ಹೊಂದಿಸುವ ಗಣಿತವನ್ನು 1969ರಲ್ಲೇ ಬರೆದಿಟ್ಟಿದ್ದಾರೆ. ಅದರ ತಿರುಳು ಇಷ್ಟು: ಅಪರೂಪದ ಹೆಸರು ಎರಡು ಕಡೆ ಸಿಕ್ಕರೆ ಅದಕ್ಕೆ ಹೆಚ್ಚು ತೂಕ, ಸಾಮಾನ್ಯ ಹೆಸರಿಗೆ ಕಡಿಮೆ ತೂಕ. ಶಿರಸಿ ಸೀಮೆಯಲ್ಲಿ ಗಣಪತಿ ಹೆಗಡೆ ಎಂಬ ಹೆಸರು ಹೊಂದಿದರೆ ಏನನ್ನೂ ಹೇಳಿದಂತಾಗುವುದಿಲ್ಲ! ಊರು, ಹುಟ್ಟಿದ ವರ್ಷ, ಫೋನ್ ಸಂಖ್ಯೆ ಎಲ್ಲವನ್ನೂ ಕೂಡಿಸಿ ತೂಗಬೇಕು. ಲಕ್ಷಾಂತರ ಜೋಡಿಗಳನ್ನು ಹೀಗೆ ತೂಗುವುದು ಮನುಷ್ಯನಿಂದ ಆಗದು, ಕಂಪ್ಯೂಟರಿಗೆ ಅದು ಸಣ್ಣ ಕೆಲಸ.

ಜೋಡಿಸಿದ ಮೇಲೂ ಅವಸರ ಸಲ್ಲದು. ಸಿದ್ದಾಪುರ, ಶಿರಸಿಯ ಹಳ್ಳಿಗಳಲ್ಲಿ ಈಗ ಯಾರಿದ್ದಾರೆ? ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮನೆಯಲ್ಲಿ ಎರಡು ಮುದಿ ಜೀವಗಳು. ಕ್ಯಾನ್ಸರ್ ಬಹುಮಟ್ಟಿಗೆ ವಯಸ್ಸಾದವರ ಕಾಯಿಲೆ. ಹಾಗಾಗಿ ಯಾವ ವಿಷವೂ ಇಲ್ಲದೆ, ಎಳೆಯರು ಊರು ಬಿಟ್ಟರೆ ಸಾಕು, ಸಾವಿರ ಜನರಿಗೆ ಇಷ್ಟು ಎಂಬ ಲೆಕ್ಕ ಏರುತ್ತದೆ. ಅದಕ್ಕೇ ಪ್ರತಿ ವಯೋಮಾನದ ದರವನ್ನು ಬೇರೆ ಬೇರೆ ತೆಗೆದು, ಒಂದು ಸಾಮಾನ್ಯ ಅಳತೆಯ ಜನಸಂಖ್ಯೆಗೆ ಹೊಂದಿಸಿ ಹೋಲಿಸುತ್ತಾರೆ. ಕೈಗಾದ ಮಾತೂ ಹಾಗೆಯೇ. ಅಲ್ಲಿ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಅದಕ್ಕೂ ಮೊದಲು ಎಷ್ಟಿತ್ತು, ನಂತರ ಎಷ್ಟಾಯಿತು, ಸ್ಥಾವರದಿಂದ ದೂರ ಹೋದಂತೆ ಏನಾಗುತ್ತದೆ, ಯಾವ ಬಗೆಯ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಎಂದು ಕೇಳಬೇಕು. ಕೆಲವೇ ನೂರು ಜನರಿರುವ ಊರಿನಲ್ಲಿ ಒಬ್ಬರು ಹೆಚ್ಚಾದರೂ ದರ ಇಮ್ಮಡಿಯಾಗಿಬಿಡಬಹುದು. ಹಾನಿಯೇ ಇಲ್ಲ ಎಂದು ವಾದಿಸುವವರಿಗೂ ಇದೇ ಲೆಕ್ಕ ಬೇಕು, ಬರೀ ಭರವಸೆ ಸಾಲದು.

ಇನ್ನು ನಮ್ಮವರಿಗೆ ಕಹಿಯಾಗುವ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು, ತಂಬಾಕಿಲ್ಲದ ಕವಳವನ್ನೂ (ಎಲೆ-ಅಡಿಕೆ-ಸುಣ್ಣದ ತಾಂಬೂಲ) ಸೇರಿಸಿ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿತು. ಅದೇ ಸಂಸ್ಥೆಯವರ ಇನ್ನೊಂದು ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ 3,89,800 ಬಾಯಿ ಕ್ಯಾನ್ಸರ್‌ಗಳ ಪೈಕಿ 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ; ಅದರಲ್ಲಿ ಭಾರತದ ಪಾಲು 83,400. ಇದನ್ನು ಹೇಳಿದಾಗ ಒಬ್ಬರು ಸಿಟ್ಟಾದರು: “ಭಾವ, ನೀನೂ ಅಡಿಕೆ ಮಾರಿದ ದುಡ್ಡಿನಲ್ಲೇ ಓದಿದವನು. ನಾಳೆ ದರ ಬಿದ್ದರೆ ನಿನ್ನ ಲೆಕ್ಕ ಅನ್ನ ಹಾಕುತ್ತದೆಯೇ?” ನ್ಯಾಯವಾದ ಪ್ರಶ್ನೆ. ಆದರೆ ಅದರ ಬೆನ್ನಿಗೇ ಬರುವ ಅಜ್ಜಿಯ ಉದಾಹರಣೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ತೊಂಬತ್ತರವರೆಗೆ ಕವಳ ಹಾಕಿ ಗಟ್ಟಿಯಾಗಿದ್ದ ಅಜ್ಜಿಯ ಕಥೆ ಎಲ್ಲ ಮನೆಗಳಲ್ಲೂ ಇದೆ. ಐವತ್ತಕ್ಕೇ ಹೋದವಳ ಕಥೆಯನ್ನು ಮದುವೆ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಅಡಿಕೆ ನಿರಪರಾಧಿ ಎಂದು ಸರ್ಟಿಫಿಕೇಟು ಕೊಡುವ ಸಂಶೋಧನೆ ಬೇಕು ಎಂಬ ಬೇಡಿಕೆ ನನಗೆ ಹಿಡಿಸುವುದಿಲ್ಲ. ಉತ್ತರವನ್ನು ಮೊದಲೇ ಬರೆದುಕೊಂಡು ಹೊರಡುವುದಕ್ಕೆ ಸಂಶೋಧನೆ ಎನ್ನುವುದಿಲ್ಲ. ಬೆಳೆಗಾರರು ಕೇಳಬೇಕಾದ್ದು ಸೂಕ್ಷ್ಮವಾದ ಲೆಕ್ಕವನ್ನು. ಶಿರಸಿಯ ಅಡಿಕೆ ಪೇಟೆಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು ಎಂದು ಒಂದೊಂದಕ್ಕೂ ಬೇರೆ ದರ ಬರೆಯುತ್ತಾರೆ. ನಾನು ಕಂಡ ಒಂದು ಆಸ್ಪತ್ರೆಯ ಫಾರಂನಲ್ಲಿ ಇದ್ದದ್ದು “ತಂಬಾಕು: ಹೌದು / ಇಲ್ಲ” ಎಂಬ ಒಂದೇ ಸಾಲು. ಬರೀ ಅಡಿಕೆಯೋ, ಎಲೆ-ಸುಣ್ಣದ ಕವಳವೋ, ಹೊಗೆಸೊಪ್ಪು ಸೇರಿತ್ತೋ, ಗುಟ್ಕಾವೋ, ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ? ಇದಾವುದೂ ಇಲ್ಲದ ಕಡತವನ್ನು ಎಂಥ ಮಹಾಯಂತ್ರಕ್ಕೆ ಉಣಿಸಿದರೂ ಅಡಿಕೆ ಮತ್ತು ತಂಬಾಕಿನ ಪಾಲು ಬೇರೆಯಾಗಿ ಹೊರಬರುವುದಿಲ್ಲ.

ಬೇರ್ಪಡಿಸುವ ಇನ್ನೊಂದು ದಾರಿ ಜೀನ್‌ಗಳದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ವಹಿಸಿಕೊಂಡಿದ್ದು ಒಸಡು-ಕೆನ್ನೆಯ ಒಳಭಾಗದ ಕ್ಯಾನ್ಸರ್ ಅನ್ನೇ. ಬಂಗಾಳದ ಕಲ್ಯಾಣಿಯ ಜೀನೋಮ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದವರು 2013ರಲ್ಲಿ ಅದರ ಮೊದಲ ವರದಿ ಕೊಟ್ಟರು. ಒಬ್ಬನೇ ರೋಗಿಯ ಗಡ್ಡೆಯ ಡಿಎನ್‌ಎಯನ್ನು ಅವನದೇ ರಕ್ತದ ಡಿಎನ್‌ಎ ಜೊತೆ ಹೋಲಿಸಿ, ಬದಲಾದ ಅಕ್ಷರಗಳನ್ನು ಹೆಕ್ಕುವ ಕೆಲಸವದು. ಮನುಷ್ಯನ ಜೀನೋಮ್‌ನಲ್ಲಿ ಅಕ್ಷರಗಳು ಸುಮಾರು 300 ಕೋಟಿ ಎಂಬುದು ನೆನಪಿರಲಿ. ಅದೇ ವರ್ಷ ಏಳು ಸಾವಿರಕ್ಕೂ ಹೆಚ್ಚು ಗಡ್ಡೆಗಳನ್ನು ಜಾಲಾಡಿದ ಇನ್ನೊಂದು ಅಧ್ಯಯನ, ಬಿಸಿಲಿಗೆ ಒಂದು ಬಗೆಯ, ಸಿಗರೇಟಿನ ಹೊಗೆಗೆ ಇನ್ನೊಂದು ಬಗೆಯ ಬದಲಾವಣೆಗಳ ವಿನ್ಯಾಸ ಡಿಎನ್‌ಎಯಲ್ಲಿ ಉಳಿಯುವುದನ್ನು ತೋರಿಸಿತು. ಕವಳ ಮಾತ್ರ ಹಾಕಿದವರ ಗಡ್ಡೆಯಲ್ಲಿ ಏನಿದೆ ಎಂದು ಇದೇ ರೀತಿಯಲ್ಲಿ ಕೇಳಬಹುದು. ಆದರೆ ಆ ರೋಗಿ ಕವಳ ಮಾತ್ರ ಹಾಕುತ್ತಿದ್ದ ಎಂದು ಯಾರಾದರೂ ಮೊದಲು ಬರೆದುಕೊಂಡಿರಬೇಕಲ್ಲ.

ಗುಟ್ಟಿನ ಪ್ರಶ್ನೆಯೂ ಇದೆ. ಹೆಸರು ತೆಗೆದು ಊರು, ವಯಸ್ಸು, ಕಾಯಿಲೆ ಇಟ್ಟರೂ ನಮ್ಮ ಮೂವತ್ತು ಮನೆಗಳ ಕೇರಿಯಲ್ಲಿ ಅದು ಯಾರೆಂದು ಸಂಜೆಯೊಳಗೆ ಗೊತ್ತಾಗುತ್ತದೆ. ಹೆಣ್ಣುಮಕ್ಕಳಿರುವ ಮನೆಯವರು ಸಂಬಂಧ ತಪ್ಪುತ್ತದೆಂದು ಹೆದರುವುದು ಸುಳ್ಳಲ್ಲ. ಹೊರಗೆ ಪ್ರಕಟಿಸುವ ಲೆಕ್ಕ ತಾಲ್ಲೂಕಿನ ಮಟ್ಟಕ್ಕೆ ನಿಲ್ಲಲಿ, ಒಳಗಿನ ದಾಖಲೆಗೆ ಬೀಗವಿರಲಿ.

ಆಸ್ಪತ್ರೆಗೆ ಹೋಗುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಒಂದು ಪ್ರದೇಶದ ಎಲ್ಲ ಕ್ಯಾನ್ಸರ್ ರೋಗಿಗಳ ಲೆಕ್ಕವಿಡುವ ಜನಸಂಖ್ಯೆ ಆಧಾರಿತ ನೋಂದಣಿಯಲ್ಲಿ ರೋಗಿಯನ್ನು ಅವನು ವಾಸಿಸುವ ಊರಿಗೆ ಎಣಿಸುತ್ತಾರೆ. ಚಿಕಿತ್ಸೆಗೆಂದು ಹುಬ್ಬಳ್ಳಿಯ ತಂಗಿಯ ಮನೆಯಲ್ಲೋ ಬೆಂಗಳೂರಿನ ಮಗನ ಫ್ಲ್ಯಾಟಿನಲ್ಲೋ ಉಳಿದುಕೊಂಡು, ಅನುಕೂಲವೆಂದು ಅದೇ ವಿಳಾಸ ಬರೆಸುತ್ತೇವೆ. ಊರಿನ ವಿಳಾಸವನ್ನೇ ಪಿನ್‌ಕೋಡ್ ಸಹಿತ ಬರೆಸಿ. ಕವಳದ ವಿಷಯ ಕೇಳದಿದ್ದರೂ ಹೇಳಿ, ಜಾಗವಿಲ್ಲ ಎಂದರೆ ಅಂಚಿನಲ್ಲಾದರೂ ಬರೆಸಿ.