‘ತಿಳಿಸುತ್ತೇವೆ’ ಎಂದವರು ತಿಳಿಸಿದ ದಿನ

ಕಳೆದ ತಿಂಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದ ಕೆಲಸಕ್ಕೆಂದು ಸಂದರ್ಶನಕ್ಕೆ ಹೋಗಿ ಬಂದೆ. ಕೆಲಸ ಸಿಗಲಿಲ್ಲ. ಸಿಗಲಿಲ್ಲವೆಂದು ತಿಳಿಸಲು ನನ್ನನ್ನು ಅಲ್ಲಿಗೆ ಕಳಿಸಿದ್ದ ಉದ್ಯೋಗ ಏಜೆನ್ಸಿಯ ಮಹಿಳೆ ಮಾರನೆಯ ಬೆಳಿಗ್ಗೆಯೇ ಫೋನ್ ಮಾಡಿದರು. ತಿಳಿಸಿ ಸುಮ್ಮನಾಗದೆ, ಏಕೆ ಸಿಗಲಿಲ್ಲವೆಂಬುದನ್ನೂ ಹತ್ತು ನಿಮಿಷ ಬಿಡಿಸಿ ಹೇಳಿದರು. ನನ್ನ ಲೆಕ್ಕದ ತಿಳಿವಳಿಕೆಯ ಬಗ್ಗೆ ಕಂಪನಿಯವರಿಗೆ ಅನುಮಾನವೇನೂ ಇರಲಿಲ್ಲವಂತೆ. ಆದರೆ ಪ್ರತಿ ಉತ್ತರದಲ್ಲೂ ‘ನಾವು ಮಾಡಿದೆವು’, ‘ನಾವು ಸರಿಪಡಿಸಿದೆವು’ ಎಂದೇ ಹೇಳಿದ್ದರಿಂದ, ಆ ‘ನಾವು’ ಎಂಬುದರೊಳಗೆ ನನ್ನ ಪಾಲು ಎಷ್ಟೆಂಬುದು ಕೊನೆಯವರೆಗೂ ಅವರಿಗೆ ತಿಳಿಯಲಿಲ್ಲವಂತೆ. ಮಾತು ಚುಚ್ಚಿತು, ನಿಜ. ಅದಕ್ಕಿಂತ ಹೆಚ್ಚಾಗಿ ದಿನವಿಡೀ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ: ಇಷ್ಟು ವರ್ಷಗಳ ದುಡಿಮೆಯಲ್ಲಿ, ನನ್ನನ್ನು ಬೇಡವೆಂದವರು ಕಾರಣ ಹೇಳಿದ್ದು ಇದೇ ಮೊದಲು.

2010ರಲ್ಲಿ ಬಿ.ಕಾಂ. ಮುಗಿಸಿ ಹೊಸದುರ್ಗದಿಂದ ಬೆಂಗಳೂರಿಗೆ ಬಂದವನು ನಾನು. ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯೊಂದಕ್ಕೆ ನೋಂದಣಿ ಶುಲ್ಕವೆಂದು 1,500 ರೂಪಾಯಿ ಕಟ್ಟಿದ್ದೆ. ಅದು ಅಪ್ಪ ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ತೆಗೆದುಕೊಟ್ಟದ್ದು. ಮೂರು ವಾರದ ಮೇಲೆ ಒಂದು ರಾತ್ರಿ ಎಸ್ಸೆಮ್ಮೆಸ್ ಬಂತು: ನಾಳೆ ಹತ್ತು ಗಂಟೆಗೆ ಪೀಣ್ಯ ಎರಡನೇ ಹಂತ, ಎರಡು ಫೋಟೊ, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ತನ್ನಿ. ಕಂಪನಿಯ ಹೆಸರಿಲ್ಲ, ಕೆಲಸ ಯಾವುದೆಂದಿಲ್ಲ, ಸಂಬಳದ ಮಾತಂತೂ ಇಲ್ಲವೇ ಇಲ್ಲ. ಹೆಸರು ಹೇಳಿದರೆ ಅಭ್ಯರ್ಥಿ ತಾನೇ ನೇರವಾಗಿ ಹೋಗಿ ಸೇರಿಬಿಡುತ್ತಾನೆಂಬ ಭಯ ಅವರಿಗೆ. ಗೇಟಿನ ಮುಂದೆ ನಿಂತು ಬೋರ್ಡು ಓದಿದ ಮೇಲೆಯೇ ಅದು ಬೇರಿಂಗ್ ತಯಾರಿಸುವ ಕಾರ್ಖಾನೆಯೆಂದು ನನಗೆ ಗೊತ್ತಾದದ್ದು. ನನ್ನಂಥವರು ನಲವತ್ತು ಮಂದಿ ನೆರಳಿಲ್ಲದ ಅಂಗಳದಲ್ಲಿ ಎರಡು ಗಂಟೆ ನಿಂತೆವು. ಒಳಗೆ ಹೋದಾಗ ಐದೇ ನಿಮಿಷ. ‘ಸರಿ, ತಿಳಿಸುತ್ತೇವೆ’ ಎಂದರು. ಆ ಮೇಲೆ ಏನಾಯಿತೆಂದು ಕೇಳಲು ಕನ್ಸಲ್ಟೆನ್ಸಿಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ.

ಇಲ್ಲಿ ಲೀಡ್ಸ್‌ನಲ್ಲಿ ಸಿದ್ಧತೆ ಶುರುವಾದ ರೀತಿಯೇ ಬೇರೆ. ನನ್ನ ವಿವರಗಳನ್ನು ಕಂಪನಿಗೆ ಕಳಿಸುವ ಮೊದಲು ಆ ಮಹಿಳೆ ಕಂಪನಿಯ ಹೆಸರು ಹೇಳಿ, ಕಳಿಸಬಹುದೇ ಎಂದು ಇಮೇಲ್ ಮೂಲಕ ನನ್ನ ಒಪ್ಪಿಗೆ ಕೇಳಿದರು. ಬೆಂಗಳೂರಿನಲ್ಲಿ ನನಗೆ ಗೊತ್ತಿಲ್ಲದಂತೆ ಮೂರು ಕನ್ಸಲ್ಟೆನ್ಸಿಗಳು ನನ್ನ ಬಯೋಡಾಟಾವನ್ನು ಒಂದೇ ಕಂಪನಿಗೆ ಕಳಿಸಿ, ಬಹುಶಃ ಅದೇ ಕಾರಣಕ್ಕೆ ಅಲ್ಲಿ ನನ್ನನ್ನು ಬಾಗಿಲಲ್ಲೇ ತಿರಸ್ಕರಿಸಿದ್ದು ಆಗ ನೆನಪಾಯಿತು. ಸಂದರ್ಶನಕ್ಕೆ ಎರಡು ದಿನ ಮುಂಚೆ ಅವರು ನಲವತ್ತು ನಿಮಿಷ ಫೋನಿನಲ್ಲಿ ನನ್ನನ್ನು ತಯಾರು ಮಾಡಿದರು. ಎದುರಿಗೆ ಕೂರುವವರು ಇಬ್ಬರು. ಮೊದಲು ಇಪ್ಪತ್ತು ನಿಮಿಷದ ಎಕ್ಸೆಲ್ ಪರೀಕ್ಷೆ, ಅದರಲ್ಲಿ ಪಟ್ಟಿಯಿಂದ ಬೇಕಾದ ವಿವರ ಹುಡುಕಿ ತರುವ ವಿ-ಲುಕಪ್ ಸೂತ್ರ ಬಂದೇ ಬರುತ್ತದೆ. ಸರಕು ಕೊಟ್ಟವರಿಗೆ ಕೊಡಬೇಕಾದ ಹಣದ ಲೆಕ್ಕ, ನಾನು ‘ಅಕೌಂಟ್ಸ್ ಪೇಯಬಲ್’ ಎನ್ನುವುದನ್ನು ಆ ಕಚೇರಿಯವರು ‘ಪರ್ಚೇಸ್ ಲೆಡ್ಜರ್’ ಎನ್ನುತ್ತಾರೆ. ನಮ್ಮ ಬೆಂಗಳೂರಿನ ಟ್ಯಾಲಿಯಲ್ಲಿ ಕೈ ಪಳಗಿದ ನನಗೆ, ನ್ಯೂಕ್ಯಾಸಲ್‌ನ ಸೇಜ್ ತಂತ್ರಾಂಶದಲ್ಲಿ ಅದೇ ನಮೂದು ಎಲ್ಲಿ ಹೋಗುತ್ತದೆಂದು ನೋಡಿಕೊಂಡು ಬರಲು ಹೇಳಿದರು. ಆರ್ಡರು, ಸರಕು ಬಂದ ರಸೀದಿ, ಇನ್‌ವಾಯ್ಸ್ ಮೂರೂ ತಾಳೆಯಾಗದಿದ್ದಾಗ ನೀವೇನು ಮಾಡಿದಿರಿ ಎಂದು ಕೇಳುತ್ತಾರೆ. ಸಂದರ್ಭವೇನು, ನಿಮ್ಮ ಹೊಣೆಯೇನು, ಮಾಡಿದ್ದೇನು, ಫಲವೇನು ಎಂದು ನಾಲ್ಕು ಮೆಟ್ಟಿಲಿನಲ್ಲಿ ಹೇಳಿ ಎಂದರು. ‘ನಾನು’ ಎನ್ನಿ ಎಂದೂ ಅಂದೇ ಎಚ್ಚರಿಸಿದ್ದರು. ಆದರೆ ಸ್ವಂತ ದುಡಿಮೆಯಲ್ಲಿ ಮನೆ ಕಟ್ಟಿಸಿದವನೂ ‘ನಾವು ಕಟ್ಟಿಸಿದೆವು’ ಎನ್ನುವ ಊರಿನ ನಾಲಿಗೆ ಎರಡು ದಿನದಲ್ಲಿ ತಿರುಗುವುದಿಲ್ಲ. ಆ ಬೆಳಿಗ್ಗೆ ಅಮ್ಮ ಫೋನಿನಲ್ಲಿ ನೆನಪಿಸಿದ ಮೊಸರು ಸಕ್ಕರೆಯನ್ನು ಅಡುಗೆಮನೆಯಲ್ಲಿ ಒಬ್ಬನೇ ನಿಂತು ತಿಂದು ಹೊರಟೆ.

ಇದೆಲ್ಲ ಆ ಒಬ್ಬ ಮಹಿಳೆಯ ಒಳ್ಳೆಯತನ ಮಾತ್ರವೆಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಇದರಲ್ಲಿ ಬಹಳಷ್ಟು ಇಲ್ಲಿನ ಕಾನೂನಿನಲ್ಲೇ ಇದೆ. ಬ್ರಿಟನ್ನಿನ 1973ರ ಉದ್ಯೋಗ ಏಜೆನ್ಸಿಗಳ ಕಾಯ್ದೆಯ ಪ್ರಕಾರ, ಮನರಂಜನೆ, ಮಾಡೆಲಿಂಗ್‌ನಂಥ ಕೆಲವನ್ನು ಬಿಟ್ಟರೆ, ಕೆಲಸ ಹುಡುಕಿಕೊಟ್ಟದ್ದಕ್ಕೆ ಅಭ್ಯರ್ಥಿಯಿಂದ ಏಜೆನ್ಸಿ ದುಡ್ಡು ತೆಗೆದುಕೊಳ್ಳುವಂತಿಲ್ಲ. 2003ರ ನಿಯಮಗಳ ಪ್ರಕಾರ ಕೆಲಸ ಕೊಡುವವರು ಯಾರು, ಕೆಲಸ ಎಂಥದ್ದು, ಎಲ್ಲಿ, ಎಷ್ಟು ಹೊತ್ತು, ಆರೋಗ್ಯಕ್ಕೆ ಅಪಾಯವುಂಟೇ ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡು ಅಭ್ಯರ್ಥಿಗೆ ಹೇಳಬೇಕು. 1,500 ರೂಪಾಯಿ ಕಟ್ಟಿಸಿಕೊಂಡು ಬೇರಿಂಗ್ ಕಾರ್ಖಾನೆಯೆಂಬ ಒಂದು ಮಾತನ್ನೂ ಹೇಳದೆ ನನ್ನನ್ನು ಪೀಣ್ಯಕ್ಕೆ ಕಳಿಸಿದ ಆ ರಾತ್ರಿ ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಂಪನಿಯ ಹೆಸರು ಹಿಂದಿನ ದಿನ ತಿಳಿದಿದ್ದರೆ ಒಂದು ರಾತ್ರಿಯಾದರೂ ಓದಿಕೊಂಡು ಹೋಗುತ್ತಿದ್ದೆ. ಬೇಡವೆಂದ ಕಾರಣ ಒಂದೇ ಒಂದು ಸಲ ಯಾರಾದರೂ ಹೇಳಿದ್ದಿದ್ದರೆ, ಮುಂದಿನ ಆರು ಸಂದರ್ಶನಗಳಲ್ಲಿ ಅದೇ ತಪ್ಪು ಮಾಡುತ್ತಿರಲಿಲ್ಲ. ನಮ್ಮ ಹುಡುಗರು ಕೆಲಸ ಕೇಳಿಕೊಂಡು ಬಂದವರೆಂಬ ಕಾರಣಕ್ಕೆ ಅವರಿಗೆ ಏನನ್ನೂ ಹೇಳಬೇಕಾಗಿಲ್ಲವೆಂಬ ಧೋರಣೆ ಇವತ್ತಿಗೂ ನಮ್ಮಲ್ಲಿ ಹೋಗಿಲ್ಲ. ಕಳೆದ ವರ್ಷ ತಂಗಿಯ ಮಗ ಹೇಳಿಕೊಂಡ ಕಥೆಯಲ್ಲಿ ಎಸ್ಸೆಮ್ಮೆಸ್ಸಿನ ಜಾಗಕ್ಕೆ ವಾಟ್ಸಾಪ್ ಬಂದಿತ್ತು, ಉಳಿದದ್ದೆಲ್ಲ ಹಾಗೇ ಇತ್ತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಮಹಿಳೆಗೆ ದುಡ್ಡು ಬರುವುದು ಕಂಪನಿಯಿಂದ, ನಾನು ಆಯ್ಕೆಯಾದರೆ ಮಾತ್ರ. ಆ ಕೆಲಸ ತಪ್ಪಿದ ವಾರವೇ ಇನ್ನೊಂದು ಜಾಗದ ಮಾತೆತ್ತಿದ್ದರು. ಆ ಹುದ್ದೆಯನ್ನು ಕಂಪನಿ ಕೈಬಿಟ್ಟ ಮೇಲೆ ಅವರ ಫೋನ್ ಬಂದಿಲ್ಲ, ನಾನು ಕಳಿಸಿದ ಎರಡು ಇಮೇಲ್‌ಗಳಿಗೆ ಉತ್ತರವೂ ಇಲ್ಲ. ಸಂದರ್ಶನ ಮುಗಿದ ಅರ್ಧ ಗಂಟೆಯೊಳಗೆ ಅವರು ಕೇಳಿದ ಮೊದಲ ಪ್ರಶ್ನೆ ‘ಏನೇನು ಕೇಳಿದರು?’ ಎಂಬುದು. ಅದನ್ನು ಬರೆದಿಟ್ಟುಕೊಂಡು ಮುಂದಿನ ಅಭ್ಯರ್ಥಿಯನ್ನು ತಯಾರು ಮಾಡುತ್ತಾರೆ.

ಪೀಣ್ಯದಿಂದ ಬಿಸಿಲಲ್ಲಿ ಬೆಂದು ರಾಜಾಜಿನಗರದ ರೂಮಿಗೆ ಮರಳಿದ ಸಂಜೆಯೂ ನನ್ನನ್ನು ಇದೇ ಪ್ರಶ್ನೆ ಎದುರುಗೊಂಡಿತ್ತು. ಆ ರೂಮಿನಲ್ಲಿ ನಮ್ಮ ತಾಲ್ಲೂಕಿನವರೇ ಏಳು ಜನ. ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು, ಅಂದು ಬೆಳಿಗ್ಗೆ ತಮ್ಮ ಕಪ್ಪು ಶೂಗಳನ್ನು ನನಗೆ ಹಾಕಿ ಕಳಿಸಿ ತಾವು ಚಪ್ಪಲಿಯಲ್ಲೇ ಕೆಲಸಕ್ಕೆ ಹೋಗಿದ್ದವರು, ಬಾಗಿಲು ತೆಗೆಯುತ್ತಲೇ ‘ಏನೇನು ಕೇಳಿದ್ರೋ?’ ಎಂದರು. ಕಿಟಕಿಯ ಪಕ್ಕದ ಗೂಡಿನಲ್ಲಿ ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಇತ್ತು. ಯಾವ ಕಂಪನಿ, ಎಲ್ಲಿ ಇಳಿಯಬೇಕು, ಒಳಗೆ ಏನು ಕೇಳುತ್ತಾರೆ ಎಂದು ರೂಮಿಗೆ ಬಂದು ಹೋದವರೆಲ್ಲ ಅದರಲ್ಲಿ ಬರೆದಿಟ್ಟಿದ್ದರು. ಒಂದು ಪೈಸೆಯನ್ನೂ ಯಾರೂ ಯಾರಿಂದಲೂ ತೆಗೆದುಕೊಂಡವರಲ್ಲ. ಮುಂದಿನ ತಿಂಗಳು ಹೊಸದುರ್ಗದಿಂದ ಇನ್ನೊಬ್ಬ ಹುಡುಗ ಬರುವವನಿದ್ದ. ಅವನಿಗೆಂದು ಕಂಪನಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು, ಅದರ ಕೆಳಗೆ ನನ್ನನ್ನು ಕೇಳಿದ ಪ್ರಶ್ನೆ ಬರೆದೆ: ಗುತ್ತಿಗೆದಾರನ ಬಿಲ್ಲಿನಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಎಷ್ಟು ಹಿಡಿಯಬೇಕು? ಉತ್ತರವನ್ನು ಅಣ್ಣ ಪಕ್ಕದಲ್ಲಿ ಕೂತು ಹೇಳಿಕೊಟ್ಟರು.