ಎಂಎಸ್‌ಡಬ್ಲ್ಯೂ ಓದಲು ನಾಲ್ಕು ಲಕ್ಷ ಸಾಲ ಬೇಕಾ?

ಹೋದ ಭಾನುವಾರ ತಂಗಿ ಮನೆಗೆ ಊಟಕ್ಕೆ ಹೋಗಿದ್ದೆ. ಸಾರನ್ನ ಕಲಸುತ್ತಿರುವಾಗಲೇ ತಂಗಿ ಮಗಳು ಬ್ಯಾಂಕಿನ ಪತ್ರವೊಂದನ್ನು ತಂದು ತಟ್ಟೆ ಪಕ್ಕ ಇಟ್ಟಳು. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಲು 4 ಲಕ್ಷ ಸಾಲ ಮಂಜೂರಾಗಿದೆ. ಫೀಸು, ಪಿಜಿ ಬಾಡಿಗೆ ಎಲ್ಲ ಸೇರಿ. ಬಡ್ಡಿ ಶೇ 10.5. 'ಮಾವ, ನೀವೂ ಇದನ್ನೇ ಓದಿದ್ದಲ್ವಾ, ನೀವು ಹೂಂ ಅಂದ್ರೆ ಅಪ್ಪ ಸಹಿ ಹಾಕ್ತಾರಂತೆ' ಅಂದಳು.

ಹೂಂ ಅನ್ನಲು ಬಾಯಿ ಬರಲಿಲ್ಲ.

ನಾನು ಓದಿದ್ದು ಧಾರವಾಡದಲ್ಲಿ. ಸರ್ಕಾರಿ ಹಾಸ್ಟೆಲ್, ಒಂದಿಷ್ಟು ಸ್ಕಾಲರ್‌ಶಿಪ್, ಊರಿಂದ ಬಸ್ಸಿನಲ್ಲಿ ಬರುತ್ತಿದ್ದ ರೊಟ್ಟಿ ಮತ್ತು ಶೇಂಗಾ ಚಟ್ನಿ. ಎರಡು ವರ್ಷ ಹಾಗೇ ಕಳೆಯಿತು. ಮೊದಲ ಸಂಬಳ ತೀರಾ ಕಡಿಮೆ ಇತ್ತು. ಆದರೂ ಖುಷಿಯಾಗಿದ್ದೆ. ಅದನ್ನು ಬಹಳ ವರ್ಷ ನನ್ನ ತ್ಯಾಗ ಅಂತಲೇ ಅಂದುಕೊಂಡಿದ್ದೆ, ಒಂದೆರಡು ವೇದಿಕೆಯಲ್ಲಿ ಹೇಳಿಯೂ ಇದ್ದೇನೆ. ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. ತಲೆ ಮೇಲೆ ಸಾಲ ಇರಲಿಲ್ಲ, ಅಷ್ಟೇ.

ಕೈ ತೊಳೆದು ಬಂದು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಶುರು ಮಾಡಿದೆವು. ವರ್ಷಕ್ಕೆ 2 ಲಕ್ಷದಂತೆ ಹಣ ಬರುತ್ತದೆ. ಓದುವ ಎರಡು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. 'ಅಷ್ಟೊತ್ತಿಗೆ ಕೆಲಸ ಸಿಕ್ಕಿರುತ್ತೆ' ಅಂದಳು. ಸಿಕ್ಕಿರಬಹುದು. ಆದರೆ ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಮೂರು ವರ್ಷಕ್ಕೆ 1.05 ಲಕ್ಷ ಬಡ್ಡಿ ಬೆಳೆದಿರುತ್ತದೆ. ಅಂದರೆ ಕಟ್ಟಲು ಶುರು ಮಾಡುವ ದಿನ ಸಾಲ 4 ಲಕ್ಷ ಅಲ್ಲ, 5.05 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 6,814 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ 5,582. ಕಡಿಮೆ ಆಯಿತಲ್ಲ ಅಂತ ಅವಳ ಮುಖ ಅರಳಿತು. ಒಟ್ಟು ಎಷ್ಟು ಕಟ್ಟುತ್ತೀಯ ಗುಣಿಸಿ ನೋಡು ಅಂದೆ. 10 ಲಕ್ಷ ದಾಟಿತು.

ಈಗ ಸಂಬಳದ ಮಾತು. ಅವಳಿಗೆ ಮಕ್ಕಳ ರಕ್ಷಣೆಯಲ್ಲೇ ಕೆಲಸ ಮಾಡಬೇಕಂತೆ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕ ಇದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅಲ್ಲಿನ ಆಪ್ತ ಸಮಾಲೋಚಕರಿಗೆ, ಸಮಾಜ ಕಾರ್ಯಕರ್ತರಿಗೆ ತಿಂಗಳಿಗೆ 18,536 ರೂಪಾಯಿ. (ಆ ಕೊನೆಯ 36 ರೂಪಾಯಿಯನ್ನು ಯಾವ ಪುಣ್ಯಾತ್ಮ ಲೆಕ್ಕ ಹಾಕಿದನೋ!) ರಕ್ಷಣಾಧಿಕಾರಿ ಆದರೆ 27,804. ಎಲ್ಲ ಗುತ್ತಿಗೆ ಕೆಲಸ. ಬಾಲ್ಯವಿವಾಹ ನಿಲ್ಲಿಸಲು ರಾತ್ರಿ ಹನ್ನೊಂದಕ್ಕೆ ಹಳ್ಳಿಗೆ ಓಡುವವರು, ಪೋಕ್ಸೊ ಕೇಸಿನ ಮಗುವಿನ ಜೊತೆ ದಿನವಿಡೀ ಕೋರ್ಟಿನಲ್ಲಿ ಕೂರುವವರು ಇವರೇ. 18,536ರಲ್ಲಿ ಹತ್ತು ವರ್ಷದ ಲೆಕ್ಕದ ಕಂತು ಕಳೆದರೆ ಉಳಿಯುವುದು 11,722. ಅದರಲ್ಲಿ ರೂಮು, ಊಟ, ಮೊಬೈಲು, ಮನೆಗೆ ಕಳಿಸುವುದು.

ತಂಗಿ ಗಂಡ ಹೊಲಿಗೆ ಅಂಗಡಿ ಇಟ್ಟವನು. ಅಲ್ಲಿಯ ತನಕ ಸುಮ್ನೆ ಕೂತಿದ್ದ. 'ಕಟ್ಟದಿದ್ರೆ ನನ್ನನ್ನು ಕೇಳ್ತಾರಾ?' ಅಂದ. ಕೇಳುತ್ತಾರೆ. ಇಂಥ ಸಾಲದಲ್ಲಿ ಅಪ್ಪ ಬರೀ ಸಾಕ್ಷಿ ಅಲ್ಲ, ಅವನೂ ಸಾಲಗಾರ.

ತೆರಿಗೆ ವಿನಾಯಿತಿ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಆದಾಯ ತೆರಿಗೆ ಕಾನೂನಿನ ಪ್ರಕಾರ ಶಿಕ್ಷಣ ಸಾಲದ ಬಡ್ಡಿಯನ್ನು ಎಂಟು ವರ್ಷ ಆದಾಯದಿಂದ ಕಳೆಯಬಹುದು, ಅದೂ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ. ಆದರೆ ವರ್ಷಕ್ಕೆ 2.22 ಲಕ್ಷ ದುಡಿಯುವವಳಿಗೆ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ಏನು ಕಳೆಯುವುದು? ಅದೇ ಸಾಲ ಮಾಡಿ ಸಾಫ್ಟ್‌ವೇರ್ ಸೇರಿದವನಿಗೆ ಆ ಲಾಭ ಸಿಗುತ್ತದೆ. ಪಿಎಂ ವಿದ್ಯಾಲಕ್ಷ್ಮಿ ಅಂತ 2024ರಲ್ಲಿ ಬಂದ ಯೋಜನೆಯಲ್ಲಿ 8 ಲಕ್ಷದ ಒಳಗಿನ ಆದಾಯದ ಮನೆಯವರಿಗೆ, ಕಂತು ಶುರುವಾಗುವ ತನಕ, ಶೇ 3 ಬಡ್ಡಿ ರಿಯಾಯಿತಿ ಇದೆ. ಕಾಲೇಜು ಅವರ ಪಟ್ಟಿಯಲ್ಲಿರಬೇಕು. ಇವಳ ಕಾಲೇಜು ಇಲ್ಲ.

ಅಮೆರಿಕದಲ್ಲಿ 2007ರಿಂದ ಒಂದು ಕಾನೂನಿದೆ. ಸರ್ಕಾರದಲ್ಲೋ ಲಾಭಕ್ಕಾಗಿ ನಡೆಯದ ಸಂಸ್ಥೆಯಲ್ಲೋ ಪೂರ್ಣಾವಧಿ ಕೆಲಸ ಮಾಡುತ್ತಾ 120 ಕಂತು ಕಟ್ಟಿದರೆ, ಉಳಿದ ಫೆಡರಲ್ ಶಿಕ್ಷಣ ಸಾಲ ಮನ್ನಾ. ಅದು ಜಾರಿಯಾದ ರೀತಿಯ ಬಗ್ಗೆ ಅಲ್ಲಿಯವರ ದೂರು ಬೇಕಾದಷ್ಟಿದೆ. ಆದರೂ ಕಡಿಮೆ ಸಂಬಳದ ಕೆಲಸ ಆರಿಸಿಕೊಂಡವರ ಸಾಲ ಬೇರೆ ಅಂತ ಒಪ್ಪಿಕೊಂಡಿದ್ದಾರಲ್ಲ. ನಮ್ಮಲ್ಲಿ ಬ್ಯಾಂಕಿಗೆ ಎಂಎಸ್‌ಡಬ್ಲ್ಯೂ, ಎಂಬಿಎ ಎರಡೂ ಒಂದೇ.

ನನಗೆ ಸಿಟ್ಟು ಬರುವುದು 'ಸೇವೆ' ಅನ್ನುವ ಮಾತಿನ ಮೇಲೆ. ಸಂದರ್ಶನದಲ್ಲಿ ಸಂಬಳ ಎಷ್ಟು ಅಂತ ಕೇಳಿದರೆ 'ನಿಮಗೆ ಸೇವಾ ಮನೋಭಾವ ಇಲ್ವಾ' ಅಂತ ನನ್ನನ್ನೇ ಒಮ್ಮೆ ತಿರುಗಿ ಕೇಳಿದ್ದರು. ಹಾಗೆ ಕೇಳಿದವರು ಕಾರಿನಲ್ಲಿ ಬಂದಿದ್ದರು ಅನ್ನುವುದು ಬೇರೆ ವಿಷಯ. ಸ್ವಯಂಸೇವಾ ಸಂಸ್ಥೆಗಳಿಗೂ ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. 2020ರಲ್ಲಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ಬಂದ ಮೇಲೆ ಆ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಕತ್ತರಿ ಮೊದಲು ಬೀಳುವುದು ಕಚೇರಿ ಸಿಬ್ಬಂದಿಯ ಸಂಬಳಕ್ಕೆ.

ಹಾಗಾಗಿ ನನ್ನ ಬ್ಯಾಚಿನ ಅರ್ಧ ಜನ ಎಚ್‌ಆರ್ ಆದರು. ಪೀಣ್ಯ, ಬೊಮ್ಮಸಂದ್ರ, ಬಿಡದಿ. 500 ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ನಮ್ಮವರಿಗೆ ಆ ಬಾಗಿಲು ಸಿಕ್ಕಿತು. ಅವರನ್ನು ಹಂಗಿಸುವ ಚಟ ನನಗೂ ಇತ್ತು. ಈಗಿಲ್ಲ. ಆದರೆ ಎಚ್‌ಆರ್ ಆಗಬೇಕು ಅಂತ ಆಸೆಪಟ್ಟು ಹೋಗುವುದು ಬೇರೆ, ಮಕ್ಕಳ ಜೊತೆ ಕೆಲಸ ಮಾಡಬೇಕು ಅಂತ ಓದಿ ಕಂತಿಗೋಸ್ಕರ ಅಲ್ಲಿಗೆ ಹೋಗುವುದು ಬೇರೆ. ಸಾಲದ ನಿಜವಾದ ಬಡ್ಡಿ ಅದು.

ನಾನು ಅವಳಿಗೆ ಹೇಳಿದ್ದು ಇಷ್ಟು. ಓದು, ಖಂಡಿತ ಓದು. ಸಾಲ ಮಾತ್ರ ಮೊದಲ ವರ್ಷದ ಸಂಬಳವನ್ನು ಮೀರಬಾರದು. ಅಂದರೆ ಎರಡು ಲಕ್ಷದ ಆಸುಪಾಸು. ಆಗ ಕಂತು 3,400ಕ್ಕೆ ಬರುತ್ತದೆ, ಉಸಿರಾಡಬಹುದು. ಇದು ಯಾವ ಬ್ಯಾಂಕಿನ ನಿಯಮವೂ ಅಲ್ಲ, ನನ್ನ ಲೆಕ್ಕ. ಮೊದಲು ಧಾರವಾಡ, ಮೈಸೂರು ಕಡೆಯ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕು. ಬೆಂಗಳೂರಿನ ಕಾಲೇಜಿನಲ್ಲಿ ಪರಿಚಯಗಳು ಜಾಸ್ತಿ ಸಿಗುತ್ತವೆ, ಅದು ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಕೆಲಸ ಕಲಿಸುವುದು ಫೀಲ್ಡ್‌ವರ್ಕ್. ಅದು ಎಲ್ಲ ಕಡೆ ಇದೆ, ಎಲ್ಲ ಕಡೆಯೂ ಬಸ್ ಚಾರ್ಜ್ ನಮ್ಮ ಕೈಯಿಂದಲೇ.

'ನನಗೆ ಬಸ್ಸು ಫ್ರೀ ಮಾವ, ಶಕ್ತಿ ಯೋಜನೆ' ಅಂತ ನಕ್ಕಳು. ಆ ಖರ್ಚನ್ನು ಹಾಳೆಯಿಂದ ಹೊಡೆದು ಹಾಕಿದೆ.

ನಿನ್ನೆ ತಂಗಿ ಫೋನ್ ಮಾಡಿದ್ದಳು. ಬ್ಯಾಂಕಿನ ಪತ್ರ ಇನ್ನೂ ಫ್ರಿಜ್ ಮೇಲಿದೆಯಂತೆ, ಸಹಿ ಬಿದ್ದಿಲ್ಲ. ಮಗಳು ಧಾರವಾಡದ ಹಾಸ್ಟೆಲ್ ಹೇಗಿದೆ ಅಂತ ವಿಚಾರಿಸುತ್ತಿದ್ದಾಳಂತೆ. ಈಗ ಅಲ್ಲಿ ಓದುತ್ತಿರುವ ಹುಡುಗಿಯರು ಯಾರಾದರೂ ಇದನ್ನು ನೋಡಿದರೆ ಇನ್‌ಬಾಕ್ಸಿಗೆ ಬನ್ನಿ. ನನಗೆ ಗೊತ್ತಿರುವುದು ಹಳೇ ಕಾಲದ ಹಾಸ್ಟೆಲ್, ಅದೂ ಹುಡುಗರದ್ದು.